ಹದಿನೇಳನೆಯ ಕಸದ ಬುಟ್ಟಿ

ನಾನು ಕೆಲಸ ಮಾಡುವ ವಿಶ್ವವಿದ್ಯಾಲಯದಲ್ಲಿ ಕಸದ ಬುಟ್ಟಿಗಳಿಗೂ ಮಾತು ಬರುತ್ತದೆ. ಹೊಟ್ಟೆ ತುಂಬಿದರೆ ತುಂಬಿತು ಎನ್ನುತ್ತವೆ, ತುಂಬದಿದ್ದರೆ ಇನ್ನೂ ತುಂಬಿಲ್ಲ ಎನ್ನುತ್ತವೆ. ಯಾರೂ ಕೇಳದಿದ್ದರೂ ಐದು ನಿಮಿಷಕ್ಕೊಮ್ಮೆ ಹೇಳುತ್ತವೆ. ಬೀದಿದೀಪ, ನೀರಿನ ಮೀಟರು, ಗೇಟು, ಗೇಟಿನ ಮೇಲಿನ ಕ್ಯಾಮೆರಾ, ತರಗತಿಯ ಫ್ಯಾನು, ಎಲ್ಲವೂ ಹೀಗೆ ದಿನವಿಡೀ ಏನಾದರೊಂದು ವರದಿ ಒಪ್ಪಿಸುತ್ತಲೇ ಇರುತ್ತವೆ. ಚಿಂತಾಮಣಿ ದಾಟಿ ಸ್ವಲ್ಪ ದೂರ ಬಂದರೆ ‘ಸ್ಮಾರ್ಟ್ ಕ್ಯಾಂಪಸ್’ ಎಂಬ ದೊಡ್ಡ ಬೋರ್ಡು ಕಾಣುತ್ತದೆ. ಆ ಬೋರ್ಡಿನ ಹಿಂದೆ ನಡೆಯುವುದು ಮುಖ್ಯವಾಗಿ ಈ ಹರಟೆ.

ಹರಟೆಯನ್ನು ಸಾಲಾಗಿ ನಿಲ್ಲಿಸುವುದು ನನ್ನ ಕೆಲಸ. ಹೊರಗಿನಿಂದ ಕ್ಯಾಂಪಸ್ಸಿಗೆ ಬರುವ ದೊಡ್ಡ ಇಂಟರ್‌ನೆಟ್ ಲೈನು ಒಂದೇ. ಕುಲಸಚಿವರ ಕಡತ, ಪರೀಕ್ಷೆಯ ಪ್ರಶ್ನೆಪತ್ರಿಕೆ, ಹಾಸ್ಟೆಲ್ ಹುಡುಗಿಯರ ಸೀರಿಯಲ್ಲು, ಕಸದ ಬುಟ್ಟಿಯ ಹೊಟ್ಟೆಯ ಸುದ್ದಿ, ಎಲ್ಲವೂ ಅದರೊಳಗೇ ನುಗ್ಗಬೇಕು. ಯಾರನ್ನು ಮೊದಲು ಬಿಡಬೇಕು, ಯಾರನ್ನು ಕಾಯಿಸಬೇಕು ಎಂದು ತೀರ್ಮಾನಿಸುವವಳು ನಾನು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದನ್ನೆಲ್ಲ ನನ್ನ ಅಮ್ಮನಿಗೆ ಅರ್ಧ ಗಂಟೆ ವಿವರಿಸಿದೆ. ಅವಳು ಗಮನವಿಟ್ಟು ಕೇಳಿ, “ಅಂದ್ರೆ ಟ್ರಾಫಿಕ್ ಪೊಲೀಸು ಅನ್ನು. ಟೋಪಿ ಕೊಡ್ತಾರೇನೆ?” ಎಂದಳು.

ಅಮ್ಮ ಇರುವುದು ಕೆಂಚಾರ್ಲಹಳ್ಳಿಯಲ್ಲಿ. ನಮ್ಮದು ರೇಷ್ಮೆಹುಳು ಸಾಕುವ ಮನೆ, ನಾನು ಹುಳುಗಳ ನಡುವೆಯೇ ಬೆಳೆದವಳು. ನನ್ನ ಕೆಲಸದ ಕಷ್ಟವನ್ನು ನಮ್ಮ ಡೀನ್‌ಗಿಂತ ಬೇಗ ಅರ್ಥಮಾಡಿಕೊಂಡವಳು ಅಮ್ಮನೇ. “ಸೊಪ್ಪು ಇರೋದು ಒಂದೇ ಹೊರೆ, ತಟ್ಟೆ ಇಪ್ಪತ್ತು. ಯಾವ್ದಕ್ಕೆ ಎಷ್ಟು ಅಂತ ನೋಡ್ಕಂಡು ಹಾಕು. ಹುಳ ಏನು ಬಾಯಿ ಬಿಟ್ಟು ಕೇಳತ್ತಾ?” ಎಂದು ಅವಳು ಹೇಳಿದಾಗ ನಾನು ಹೂಂಗುಟ್ಟಿ ಮರೆತುಬಿಟ್ಟೆ. ನನಗೆ ಆಗ ಇಂಜಿನಿಯರಿಂಗ್ ಓದಿದ ಜಂಬ.

ಜಂಬದಲ್ಲೇ ನಾಲ್ಕು ಸಾಲು ಮಾಡಿದೆ. ಮೊದಲನೆಯ ಸಾಲಿನಲ್ಲಿ ಪರೀಕ್ಷೆ ಮತ್ತು ಆಡಳಿತ. ಎರಡನೆಯದರಲ್ಲಿ ತರಗತಿ, ಗ್ರಂಥಾಲಯ. ಮೂರನೆಯದರಲ್ಲಿ ಹಾಸ್ಟೆಲು. ನಾಲ್ಕನೆಯದಕ್ಕೆ ಮನರಂಜನೆ ಎಂದು ಹೆಸರಿಟ್ಟು, ಸಿನಿಮಾ, ಆಟ, ಸಿಬ್ಬಂದಿಯ ಫೋನಿನ ವಿಡಿಯೊ ಕರೆ ಎಲ್ಲವನ್ನೂ ಅದಕ್ಕೆ ತಳ್ಳಿದೆ. ಬುಟ್ಟಿ ಮತ್ತು ಮೀಟರುಗಳು ಮಾತ್ರ ನನ್ನ ಮಾತು ಕೇಳಲಿಲ್ಲ. ಅವನ್ನು ಮಾರಿದ ಕಂಪನಿಯವರು ಕರಾರಿನಲ್ಲೇ ಅವಕ್ಕೆ ಮೊದಲ ಸಾಲು ಬರೆಸಿಕೊಂಡಿದ್ದರು. ಹಾಗಾಗಿ ನಮ್ಮಲ್ಲಿ ತುಂಬಿದ ಬುಟ್ಟಿಗೆ ಪ್ರಾಧ್ಯಾಪಕರಿಗಿಂತ ಹೆಚ್ಚಿನ ಮರ್ಯಾದೆ. ಅದನ್ನು ಕಂಡ ಪ್ರಾಧ್ಯಾಪಕರೊಬ್ಬರು ವಾರಗಟ್ಟಲೆ ನನ್ನ ಜೊತೆ ಮಾತು ಬಿಟ್ಟಿದ್ದರು.

ವಿದ್ಯಾರ್ಥಿಗಳು ಮಾತು ಬಿಡುವ ಪೈಕಿ ಅಲ್ಲ. ಅವರು ದಾರಿ ಹುಡುಕುವವರು. ಒಂದು ಮಧ್ಯಾಹ್ನ ಗಂಡುಮಕ್ಕಳ ಹಾಸ್ಟೆಲಿನ ನೀರಿನ ಮೀಟರೊಂದು ಎರಡು ಗಂಟೆ ಬಿಡದೆ ಕ್ರಿಕೆಟ್ ನೋಡುತ್ತಿರುವುದು ನನ್ನ ಪರದೆಯ ಮೇಲೆ ಕಂಡಿತು. ಯಾರೋ ಪುಣ್ಯಾತ್ಮ ತನ್ನ ಫೋನಿಗೆ ಮೀಟರಿನ ವೇಷ ತೊಡಿಸಿದ್ದ. ನನಗೆ ಸಿಟ್ಟಿಗಿಂತ ನಗು ಹೆಚ್ಚು ಬಂತು. ಆದರೂ ಬಿಡಲಿಲ್ಲ, ಕೊನೆಯ ಓವರಿನಲ್ಲಿ ಅದರ ಲೈನು ಕತ್ತರಿಸಿದೆ. ಹಾಸ್ಟೆಲಿನಿಂದ ಎದ್ದ ಕೂಗು ನನ್ನ ಕೋಣೆಯವರೆಗೂ ಕೇಳಿಸಿತು. ನಾನು ಒಳ್ಳೆಯವಳೆಂದು ಎಲ್ಲಿಯೂ ಹೇಳಿಕೊಂಡಿಲ್ಲ.

ಇಂಥ ಪತ್ತೇದಾರಿಯ ಖುಷಿಯಲ್ಲಿರುವಾಗಲೇ ಗ್ರಂಥಾಲಯದಿಂದ ದೂರು ಬಂತು. ದಿನಾ ಎರಡೂವರೆಯಿಂದ ಮೂರರ ತನಕ ಏನೂ ತೆರೆದುಕೊಳ್ಳುವುದಿಲ್ಲವಂತೆ. ಹುಡುಕಿದೆ. ಗ್ರಂಥಾಲಯದ ಪಕ್ಕದಲ್ಲೇ ಮೆಸ್ಸು, ಎರಡಕ್ಕೂ ಒಂದೇ ಕವಲು. ಮೆಸ್ಸಿನ ಅಡುಗೆಮನೆಯಲ್ಲಿ ಒಂದು ಫೋನು ಸರಿಯಾಗಿ ಎರಡೂವರೆಗೆ ವಿಡಿಯೊ ಕರೆಗೆ ಕೂರುತ್ತಿತ್ತು. ಭಾನುವಾರವೂ ಬಿಡುತ್ತಿರಲಿಲ್ಲ. ಊಟ ಬಡಿಸಿ ಮುಗಿದ ಮೇಲೆ ಯಾರೋ ಸೀರೆ ತೋರಿಸಿಕೊಂಡು ಕೂತಿದ್ದಾರೆ ಎಂದುಕೊಂಡೆ. ಧ್ವನಿಗೆ ತೊಂದರೆ ಮಾಡಲಿಲ್ಲ, ಅಷ್ಟು ಕಟುಕಿ ನಾನಲ್ಲ. ಚಿತ್ರವನ್ನು ಮಾತ್ರ ಹಿಂಡಿದೆ. ಮುಖ ಮಸುಕಾದರೆ ಏನಂತೆ, ಮಾತು ಕೇಳಿಸುತ್ತದಲ್ಲ? ಗ್ರಂಥಾಲಯದ ದೂರು ಅವತ್ತೇ ನಿಂತಿತು. ನಾನು ಡೀನ್‌ಗೆ ಒಂದು ಪುಟದ ವರದಿ ಬರೆದು, ನನ್ನನ್ನು ನಾನೇ ಹೊಗಳಿಕೊಂಡೆ.

ಮೂರನೆಯ ದಿನ ನನ್ನ ಕೋಣೆಯ ಬಾಗಿಲಲ್ಲಿ ಮೆಸ್ಸಿನ ಅಡುಗೆಯವರು ನಿಂತಿದ್ದರು. ನಲವತ್ತು ದಾಟಿದ ಹೆಂಗಸು. ಕ್ಯಾಂಪಸ್ಸಿನ ಎಲ್ಲರೂ ಅವರನ್ನು ಅಕ್ಕ ಎನ್ನುತ್ತಿದ್ದೆವು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ, ಮಿಣುಕುವ ಯಂತ್ರಗಳನ್ನೆಲ್ಲ ಒಂದು ಸುತ್ತು ನೋಡಿದರು.

“ಮೇಡಂ, ಇಲ್ಲೇನಾ ನೆಟ್ಟು ಕಟ್ ಮಾಡೋದು?”

“ಕಟ್ ಮಾಡಿಲ್ಲ ಅಕ್ಕ. ಸ್ವಲ್ಪ ಕಮ್ಮಿ ಮಾಡಿದೀನಿ ಅಷ್ಟೆ. ಮಾತು ಕ್ಲಿಯರಾಗಿ ಕೇಳ್ಸತ್ತಲ್ಲ?”

“ಕೇಳ್ಸತ್ತೆ.”

“ಮತ್ತೆ? ಮಾತಾಡ್ಕಳಿ. ಮುಖ ನೋಡ್ಲೇಬೇಕು ಅಂತೇನಿದೆ?”

“ನೀವು ಹೇಳೋದು ಸರಿ ಮೇಡಂ. ನನ್ ತಂಗಿ ಮಾತಾಡಲ್ಲ. ಕಿವೀನೂ ಕೇಳ್ಸಲ್ಲ. ಹುಟ್ಟಿದಾಗ್ಲಿಂದ. ಅವ್ಳು ಹೇಳೋದೆಲ್ಲ ಕೈಯಲ್ಲೇ. ಮೂರು ದಿನದಿಂದ ಅವಳ ಬೆರಳೇ ಕಾಣ್ತಿಲ್ಲ.”

ಸಿಟ್ಟು ಮಾಡಿದ್ದರೆ ನಾನೂ ಸಿಟ್ಟು ಮಾಡಿ ಗೆಲ್ಲಬಹುದಿತ್ತು. ಅವರು ಸಿಟ್ಟೇ ಮಾಡಲಿಲ್ಲ. ಕುರ್ಚಿ ತೋರಿಸಿದೆ, ಕೂರಲಿಲ್ಲ. ಫೋನು ತೆಗೆದು ಹಿಂದಿನ ದಿನದ ಕರೆ ಹೇಗೆ ಕಂಡಿತೆಂದು ತೋರಿಸಿದರು, ಪರದೆಯ ಚಿತ್ರ ಹಿಡಿದಿಟ್ಟಿದ್ದರು. ಒಬ್ಬ ಹುಡುಗಿಯ ಭುಜ, ಭುಜದ ಮುಂದೆ ಕಲಸಿದ ಹಿಟ್ಟಿನಂತೆ ಏನೋ ಬಿಳಿ. ಅದು ಅವಳ ಎರಡು ಕೈ. ನನಗೆ ನಿಜಕ್ಕೂ ನಾಚಿಕೆಯಾಯಿತು. ಬುಟ್ಟಿ ತನ್ನ ಹೊಟ್ಟೆಯ ವಿಷಯ ಹೇಳಲು ಮೊದಲ ಸಾಲಿನಲ್ಲಿ ನಿಂತಿತ್ತು, ಈ ಹುಡುಗಿಯ ಮಾತನ್ನು ನಾನು ಮನರಂಜನೆ ಎಂದು ಬರೆದು ಹಿಂಡಿದ್ದೆ.

“ಟವರ್ ಸಿಗಲ್ವಾ ಅಕ್ಕ ಅಲ್ಲಿ?” ಎಂದು ಕೇಳಿದೆ, ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟಲು ಸಾಧ್ಯವೇ ಎಂದು ಕೊನೆಯ ಪ್ರಯತ್ನವಾಗಿ.

“ಅಡುಗೆಮನೆ ಹಿಂದ್ಗಡೆ ಅಷ್ಟು ದಪ್ಪ ಬಂಡೆ ಐತಲ್ಲ ಮೇಡಂ. ಒಂದು ಕಡ್ಡೀನೂ ಬರಲ್ಲ. ಕಾಂಟ್ರಾಕ್ಟ್ರು ಆಚೆ ಬಿಡಲ್ಲ. ಪೋನಿ ಬಿಡಿ, ಹೋಗ್ಲಿ, ಆಗಲ್ಲ ಅಂದ್ರೆ ಆಗಲ್ಲ.”

“ಆಗತ್ತೆ,” ಎಂದೆ. ಗ್ರಂಥಾಲಯವನ್ನು ಬೇರೆ ಕವಲಿಗೆ ತಿರುಗಿಸಿ, ಅವರು ಬಾಗಿಲು ದಾಟುವ ಮೊದಲೇ ಸರಿಮಾಡಿದೆ.

ಸರಿಮಾಡಿದ್ದು ಸರಿಯಾಗಿದೆಯೇ ಎಂದು ನೋಡಬೇಕಲ್ಲ. ಅವತ್ತು ಎರಡೂವರೆಗೆ ನಾನೂ ಮೆಸ್ಸಿನ ಉಗ್ರಾಣಕ್ಕೆ ಹೋದೆ. ಅಕ್ಕಿ ಮೂಟೆಯ ಮೇಲೆ ಫೋನನ್ನು ಒರಗಿಸಿ ಅಕ್ಕ ಕೂತಿದ್ದರು. ಪರದೆಯಲ್ಲಿ ತಂಗಿ. ಇಪ್ಪತ್ತೈದು ಇಪ್ಪತ್ತಾರರ ಹುಡುಗಿ. ಶಿಡ್ಲಘಟ್ಟದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು, ಗೂಡಿನಿಂದ ನೂಲು ಬಿಚ್ಚುವ ಘಟಕದಲ್ಲಿ ಕೆಲಸ ಮಾಡುತ್ತಿದ್ದಳು. ಅವಳ ಕೈಗಳು ಓಡುತ್ತಿದ್ದ ವೇಗಕ್ಕೆ ನನ್ನ ಲೈನು ಬೆವರಿತು. ಮೂರು ದಿನದ ಮಾತು ಬಾಕಿ ಉಳಿದಿತ್ತು. ಅಕ್ಕ ನಗುತ್ತಿದ್ದರು, ನಡುವೆ ಬೈಯುತ್ತಿದ್ದರು, ಅದೂ ಕೈಯಲ್ಲೇ.

ಆ ಕೈಮಾತು ಯಾವ ಶಾಲೆಯದೂ ಅಲ್ಲ. ತಂಗಿ ಶಾಲೆಗೆ ಹೋದದ್ದು ಎರಡೇ ವರ್ಷ, ಹೆಸರು ಬರೆಯಲು ಬರುತ್ತದೆ ಅಷ್ಟೆ. ಚಿಂತಾಮಣಿ ಹತ್ತಿರದ ಅವರ ಹಳ್ಳಿಯ, ಹುಳು ಸಾಕುವ ಮನೆಯಲ್ಲಿ ತಾಯಿ ಮತ್ತು ಈ ಇಬ್ಬರು ಸೇರಿ ಕಟ್ಟಿಕೊಂಡ ಮಾತು ಅದು. ತಾಯಿ ತೀರಿಕೊಂಡ ಮೇಲೆ ಅದು ಪೂರ್ತಿ ಬರುವುದು ಇಬ್ಬರಿಗೇ. ಚಿಕ್ಕಮ್ಮನಿಗೆ ಬಾ, ತಿನ್ನು, ಮಲಗು ಮಾತ್ರ ಗೊತ್ತು. ಅಷ್ಟರಲ್ಲೇ ಚಿಕ್ಕಮ್ಮ, ತಂಗಿ ಹತ್ತು ವರ್ಷ ಸಂಸಾರ ನಡೆಸಿದ್ದರು. “ಊರಲ್ಲಿ ಎಷ್ಟೋ ಗಂಡ ಹೆಂಡ್ತಿ ಅದಕ್ಕಿಂತ ಕಮ್ಮಿ ಮಾತಲ್ಲೇ ಇದಾರೆ ಬಿಡಿ,” ಎಂದರು ಅಕ್ಕ.

ಅಂದಿನಿಂದ ವಾರಕ್ಕೊಮ್ಮೆಯಾದರೂ ಲೈನು ಪರೀಕ್ಷಿಸುವ ನೆಪದಲ್ಲಿ ಉಗ್ರಾಣಕ್ಕೆ ಹೋಗುತ್ತಿದ್ದೆ. ನೆಪ ಎಂದು ಅಕ್ಕನಿಗೂ ಗೊತ್ತಿತ್ತು. ಒಂದು ಲೋಟ ಕಾಫಿ ತಯಾರಿರುತ್ತಿತ್ತು. ತಂಗಿ ನನಗೊಂದು ಹೆಸರಿಟ್ಟಳು. ಎರಡು ಬೆರಳಿನಿಂದ ತನ್ನ ಹುಬ್ಬುಗಳನ್ನು ಹಿಡಿದು ನಡುವಿಗೆ ಎಳೆಯುವುದು. ನಾನು ಸದಾ ಹುಬ್ಬು ಗಂಟಿಕ್ಕಿರುತ್ತೇನಂತೆ. ಅಲ್ಲ ಎಂದು ವಾದಿಸಲು ಹುಬ್ಬು ಗಂಟಿಕ್ಕಿದೆ. ಇಬ್ಬರೂ ಬಿದ್ದು ಬಿದ್ದು ನಕ್ಕರು.

ಹೀಗಿರುವಾಗ ತಂಗಿಗೆ ಒಂದು ಸಂಬಂಧ ಬಂತು. ಗಂಡು ಗೌರಿಬಿದನೂರಿನ ಕಡೆಯವನು. ಮುಸುಕಿನ ಜೋಳ ಬೆಳೆಯುವ ಮನೆ, ಜೊತೆಗೆ ಪಂಪು ರಿಪೇರಿಯ ಅಂಗಡಿ. ಹುಡುಗಿಗೆ ಕಿವಿ ಕೇಳುವುದಿಲ್ಲ ಎಂದು ಗೊತ್ತಿದ್ದೂ ನೋಡಲು ಬರುತ್ತೇವೆ ಎಂದಿದ್ದರು. ವರದಕ್ಷಿಣೆ ಏನೂ ಕೇಳಿರಲಿಲ್ಲ. ಅಕ್ಕ ಆ ವಾರವೆಲ್ಲ ನೆಲದ ಮೇಲೆ ನಿಲ್ಲಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಬಿತ್ತು, ಯಾರೂ ಗೊಣಗಲಿಲ್ಲ.

“ಇಂಥೋರು ಸಿಗಲ್ಲ ಮೇಡಂ. ನಾನು ಎಷ್ಟು ದಿನ ಇರ್ತೀನಿ? ನಾನು ಹೋದ್ಮೇಲೆ ಅವ್ಳ ಮಾತು ಯಾರಿಗೆ ತಿಳೀತದೆ? ಒಂದು ಮನೆ ಸೇರಿದ್ರೆ, ಮಕ್ಳಾದ್ರೆ, ಆ ಮಕ್ಳಾದ್ರೂ ಕಲೀತವೆ.”

“ಅವ್ಳೇನಂತಾಳೆ?”

“ನೋಡಿ ಹೇಳ್ತೀನಿ ಅಂತಾಳೆ. ಒಂದೇ ಹಟ. ನಾನೇನು ಹೇಳ್ತೀನೋ ಅದನ್ನ ನೀನೇ ಎಲ್ರ ಮುಂದೆ ಬಾಯಿ ಬಿಟ್ಟು ಹೇಳ್ಬೇಕು ಅಂತಾಳೆ. ತಲೆ ಆಡ್ಸಿದ್ರೆ ಚಿಕ್ಕಮ್ಮ ನಾಚ್ಕೆ ಅಂತಾಳಂತೆ, ಸುಮ್ನಿದ್ರೆ ಒಪ್ಗೆ ಅಂತಾಳಂತೆ. ಚಿಕ್ಕಮ್ಮನ್ನ ನಂಬಲ್ಲಂತೆ.”

ಹುಡುಗಿಯ ಬೇಡಿಕೆ ಇಷ್ಟೇ. ತನ್ನ ಮದುವೆಯ ವಿಷಯದಲ್ಲಿ ತನ್ನ ಮಾತು ಆ ಕೋಣೆಯಲ್ಲಿ ಕೇಳಿಸಬೇಕು. ಅದನ್ನು ಕೇಳಿಸಬಲ್ಲವರು ಲೋಕದಲ್ಲಿ ಒಬ್ಬರೇ, ಅವರು ನಮ್ಮ ಮೆಸ್ಸಿನಲ್ಲಿ ಸಾರು ಕುದಿಸುತ್ತಿದ್ದರು.

ಗಂಡಿನವರು ಬರಲು ಗೊತ್ತುಮಾಡಿದ ದಿನವೇ ನಮ್ಮ ಕ್ಯಾಂಪಸ್ಸಿಗೆ ಗುಣಮಟ್ಟ ನೋಡುವ ಸಮಿತಿ ಬರುವುದಿತ್ತು. ಸಮಿತಿ ಎಂದರೆ ನಮ್ಮಲ್ಲಿ ಹಬ್ಬ. ಮರಗಳಿಗೆ ಸುಣ್ಣ, ಪ್ರಾಧ್ಯಾಪಕರಿಗೆ ಟೈ, ಬುಟ್ಟಿಗಳಿಗೆ ಸ್ನಾನ. ಮೆಸ್ಸಿನವರಿಗೆ ಮೂರು ದಿನ ರಜೆ ಇಲ್ಲ. ಅಕ್ಕ ಅರ್ಧ ದಿನ ಕೇಳಿದರು, ಕಾಂಟ್ರಾಕ್ಟರು ಒಬ್ಬಟ್ಟು ಯಾರು ಮಾಡ್ತಾರೆ ಎಂದು ಕೇಳಿದ. ಗಂಡಿನವರು ದಿನ ಬದಲಿಸಲು ಒಪ್ಪಲಿಲ್ಲ. ಬುಧವಾರ ಹನ್ನೆರಡಕ್ಕೆ ರಾಹುಕಾಲ ಶುರು, ಅಷ್ಟರೊಳಗೆ ನೋಡುವ ಶಾಸ್ತ್ರ ಮುಗಿಯಬೇಕು. ಹನ್ನೊಂದೂವರೆಗೆ ವಿಡಿಯೊ ಕರೆ ಎಂದು ತೀರ್ಮಾನವಾಯಿತು. “ನೀವಿದೀರಲ್ಲ ಮೇಡಂ,” ಎಂದರು ಅಕ್ಕ. ನಾನಿದ್ದೆ. ಹನ್ನೊಂದೂವರೆಗೇ ನಮ್ಮ ಡೀನ್ ಸಮಿತಿಯ ಮುಂದೆ ಹನ್ನೆರಡು ಕ್ಯಾಮೆರಾಗಳ ನೇರ ಚಿತ್ರ ತೋರಿಸಿ, ಇಡೀ ಕ್ಯಾಂಪಸ್ಸು ತಮ್ಮ ಅಂಗೈಯಲ್ಲಿದೆ ಎಂದು ಭಾಷಣ ಮಾಡುವವರಿದ್ದರು. ಲೈನು ದೊಡ್ಡದು, ಇಬ್ಬರಿಗೂ ಸಾಲುತ್ತದೆ ಎಂದು ನಾನು ಧೈರ್ಯವಾಗಿದ್ದೆ.

ಬೆಳಿಗ್ಗೆ ಒಂಬತ್ತೂಕಾಲಿಗೆ ರಸ್ತೆ ಅಗಲ ಮಾಡುತ್ತಿದ್ದ ಜೆಸಿಬಿ ನಮ್ಮ ಕೇಬಲ್ಲನ್ನು ಕಿತ್ತುಹಾಕಿತು.

ನಾನು ಸ್ಕೂಟರಿನಲ್ಲಿ ಹೋಗಿ ನೋಡಿದಾಗ ಮಣ್ಣಿನ ಗುಡ್ಡೆಯ ಮೇಲೆ ಕೇಬಲ್ಲಿನ ತುದಿ ಹಾವಿನ ಮರಿಯ ಹಾಗೆ ತಲೆ ಎತ್ತಿಕೊಂಡಿತ್ತು. ಜೆಸಿಬಿಯವನು ಟೀ ಕುಡಿಯುತ್ತಿದ್ದ. “ಇದು ಬೇರು ಅಂದ್ಕಂಡೆ ಮೇಡಂ,” ಎಂದ. ಕಪ್ಪು, ನುಣುಪು, ಮೇಲೆ ಇಂಗ್ಲಿಷಿನಲ್ಲಿ ಅಚ್ಚು ಹಾಕಿದ ಬೇರು ಅವನು ಎಲ್ಲಿ ಕಂಡಿದ್ದನೋ. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಕನ್ನಡ ಸಾಲದೆ ತೆಲುಗಿನಲ್ಲೂ ಅಂದೆ. ಸರಿಮಾಡುವವರು ಸಂಜೆಗೆ ಬರುತ್ತೇವೆ ಎಂದರು.

ಉಳಿದದ್ದು ತುರ್ತಿಗೆಂದು ಇಟ್ಟುಕೊಂಡ ಇನ್ನೊಂದು ಸಣ್ಣ ಲೈನು. ಹಾಸ್ಟೆಲಿನ ಲೈನು ನಿಲ್ಲಿಸಿದೆ, ಗ್ರಂಥಾಲಯದ್ದೂ ನಿಲ್ಲಿಸಿದೆ, ನನ್ನ ಸ್ವಂತ ಫೋನನ್ನೂ ಹೊರಗೆ ಹಾಕಿದೆ. ಡೀನ್ ಅವರ ಹನ್ನೆರಡು ಕ್ಯಾಮೆರಾಗಳ ಚಿತ್ರ ಹೊರಗಿನ ಕಂಪನಿಗೆ ಹೋಗಿ ಮರಳಬೇಕು, ಅದೊಂದೇ ಆ ಲೈನನ್ನು ಪೂರ್ತಿ ಕುಡಿಯುತ್ತಿತ್ತು. ನನ್ನದು ವರ್ಷ ವರ್ಷಕ್ಕೂ ನವೀಕರಿಸುವ ಕೆಲಸ, ನವೀಕರಿಸುವವರು ಅದೇ ಡೀನ್. ಇಲ್ಲಿ ಸ್ವಲ್ಪ ಯೋಚಿಸಿದೆ ಎಂದು ಬರೆದರೆ ನನಗೆ ಮರ್ಯಾದೆ. ನಿಜ ಹೇಳಬೇಕೆಂದರೆ ಹೆದರಿದ್ದೆ. ಅಕ್ಕನಿಗೆ ಹೋಗಿ ಆಗುವುದಿಲ್ಲ ಎಂದು ಹೇಳುವುದನ್ನು ಮನಸ್ಸಿನಲ್ಲೇ ಎರಡು ಸಲ ಅಭ್ಯಾಸ ಮಾಡಿದೆ. ಎರಡು ಸಲವೂ ಅವರು ಪೋನಿ ಬಿಡಿ ಎಂದರು. ಅದನ್ನು ನಿಜವಾಗಿ ಕೇಳಿಸಿಕೊಳ್ಳುವುದು ನನ್ನಿಂದ ಆಗದು ಎನಿಸಿತು.

ಆಗ ಆ ಕ್ರಿಕೆಟ್ ನೋಡಿದ ಮೀಟರು ಜ್ಞಾಪಕಕ್ಕೆ ಬಂತು. ಮೊದಲ ಸಾಲಿನಲ್ಲಿ ಯಾರು ಇದ್ದಾರೆ ಎಂದು ಡೀನ್ ಕೇಳಿದರೆ ನಾನು ಪಟ್ಟಿ ತೋರಿಸಬೇಕಾಗುತ್ತಿತ್ತು. ಅಡುಗೆಯವರ ಫೋನು ಎಂದಿದ್ದರೆ ಕೆಟ್ಟೆ. ಮೆಸ್ಸಿನ ಹಿಂದಿನ ಹದಿನೇಳನೆಯ ಬುಟ್ಟಿ ಒಂದು ತಿಂಗಳಿಂದ ಕೆಟ್ಟು ಮೂಕವಾಗಿತ್ತು. ಅದರ ಹೆಸರನ್ನು ಅಕ್ಕನ ಫೋನಿಗೆ ಕೊಟ್ಟು, ಅದಕ್ಕೆ ಬೇಕಾದಷ್ಟು ಜಾಗ ಕಾದಿರಿಸಿ ಬೀಗ ಹಾಕಿದೆ. ಮಿಕ್ಕದ್ದು ಡೀನ್‌ಗೆ. ವಿದ್ಯಾರ್ಥಿಗಳಿಂದ ಕಲಿಯುವುದು ಬಹಳ ಇರುತ್ತದೆ.

ಹನ್ನೊಂದು ಇಪ್ಪತ್ತಕ್ಕೆ ನಾನು ಲ್ಯಾಪ್‌ಟಾಪ್ ಎತ್ತಿಕೊಂಡು ಉಗ್ರಾಣಕ್ಕೆ ಓಡಿದೆ. ಅಕ್ಕ ಒಬ್ಬಟ್ಟಿನ ಕಣಕ ಕೈಯಲ್ಲೇ ಬಂದರು. ತೊಳೆಯಿರಿ ಎಂದರೆ ಹೊತ್ತಿಲ್ಲ ಎಂದರು. ಕರೆ ಹೋಯಿತು. ಚಿಕ್ಕಮ್ಮ ಫೋನನ್ನು ಟಿವಿಯ ಪಕ್ಕ ಒರಗಿಸಿದರು. ಚಿತ್ರ ಎಷ್ಟು ಸ್ವಚ್ಛವಾಗಿತ್ತೆಂದರೆ ತಂಗಿಯ ಬಳೆಯ ಮೇಲಿನ ಚುಕ್ಕಿಯೂ ಎಣಿಸುವ ಹಾಗಿತ್ತು. ಕೋಣೆಯಲ್ಲಿ ಏಳೆಂಟು ಜನ. ಗಂಡು ಗೋಡೆಯ ಬದಿ ಕುರ್ಚಿಯ ತುದಿಯಲ್ಲಿ ಕೂತಿದ್ದ, ಕೆಟ್ಟವನಂತೇನೂ ಕಾಣಲಿಲ್ಲ. ತಂಗಿ ಕಾಫಿ ಕೊಟ್ಟಳು. ಅವನು ಏನೋ ಕೇಳಿದ, ಅವಳ ಕಡೆ ತಿರುಗದೆ ಚಿಕ್ಕಮ್ಮನ ಕಡೆ ತಿರುಗಿ. ಅವನ ತಾಯಿಯೂ ಕೇಳಿದರು, ಚಿಕ್ಕಮ್ಮನನ್ನೇ. ಕೆಲಸ ಎಲ್ಲಾ ಬರತ್ತಾ, ಕೋಪ ಜಾಸ್ತೀನಾ, ಒಬ್ಬಳೇ ಇರ್ತಾಳಾ. ಅಲ್ಲಿ ನಿಂತವಳನ್ನು ಬಿಟ್ಟು ಎಲ್ಲರೂ ಅವಳ ಬಗ್ಗೆ ಮಾತಾಡಿದರು. ನನ್ನ ಹುಬ್ಬು ತಾನಾಗಿ ಗಂಟಿಕ್ಕಿತು.

ಅಷ್ಟರಲ್ಲಿ ನನ್ನ ಲ್ಯಾಪ್‌ಟಾಪಿನಲ್ಲಿ ಡೀನ್ ಅವರ ಕ್ಯಾಮೆರಾಗಳು ಒಂದೊಂದಾಗಿ ನಿಂತವು. ಗ್ರಂಥಾಲಯದ ಮುಂದೆ ಕಾಲೆತ್ತಿದ ನಾಯಿಯೊಂದು ಕಾಲೆತ್ತಿಕೊಂಡೇ ಉಳಿಯಿತು. ಸಮಿತಿಯವರು ಅದನ್ನು ನಾಲ್ಕು ನಿಮಿಷ ನೋಡಿದರಂತೆ. ಅದಕ್ಕೆ ನನಗೆ ಮುಂದೆ ಒಂದು ಮೆಮೊ ಬಂತು, ಕೆಲಸ ಹೋಗಲಿಲ್ಲ. ಆ ಹೊತ್ತಿಗೆ ಮಾತ್ರ ಹೋಗುವುದು ಖಂಡಿತ ಎಂದುಕೊಂಡಿದ್ದೆ. ಉಗ್ರಾಣದ ಗೋಡೆಯ ಇಂಟರ್‌ಕಾಮ್ ಬಡಿದುಕೊಳ್ಳತೊಡಗಿತು. ನಾನು ರಿಸೀವರು ಎತ್ತಿ ಪಕ್ಕಕ್ಕಿಟ್ಟೆ.

“ಅವ್ಳನ್ನ ಕೇಳಮ್ಮ ಈಗ,” ಎಂದರು ಚಿಕ್ಕಮ್ಮ ಫೋನಿನ ಹತ್ತಿರ ಬಂದು. ಅಕ್ಕ ಕಣಕ ಮೆತ್ತಿದ ಕೈಯಲ್ಲೇ ಕೇಳಿದರು. ತಂಗಿ ಪರದೆಗೆ ಎದುರಾಗಿ ನಿಂತಳು. ಆತುರಪಡಲಿಲ್ಲ. ಎಡಗೈ ಅಂಗೈಯನ್ನು ತಟ್ಟೆಯ ಹಾಗೆ ಹರಡಿ, ಬಲಗೈಯ ಎರಡು ಬೆರಳಿನಿಂದ ಅದರಿಂದ ಏನನ್ನೋ ಹೆಕ್ಕಿ ಪಕ್ಕಕ್ಕೆ ಎಸೆದಳು. ಒಂದೇ ಸಲ.

ನನಗೆ ಯಾರೂ ಅರ್ಥ ಹೇಳಬೇಕಾಗಿರಲಿಲ್ಲ. ಹುಳು ಸಾಕುವ ಮನೆಯಲ್ಲಿ ಬೆಳೆದ ಎಲ್ಲ ಮಕ್ಕಳೂ ಆ ಕೆಲಸ ಮಾಡಿರುತ್ತಾರೆ. ಹಾಲುತೊಂಡೆ ರೋಗ ಬಂದ ಹುಳುವನ್ನು ತಟ್ಟೆಯಿಂದ ಹೆಕ್ಕಿ ಎಸೆಯುವುದು ಹಾಗೆಯೇ. ಬೇಡ ಎಂಬುದಕ್ಕೆ ಆ ಮನೆಯವರು ಬೇರೆ ಸನ್ನೆ ಹುಡುಕಿರಲಿಲ್ಲ. ಶಿಡ್ಲಘಟ್ಟದ ಚಿಕ್ಕಮ್ಮ ಕಂಡದ್ದು ಮಾರುಕಟ್ಟೆಯಿಂದ ಬಂದ ಗೂಡು ಮಾತ್ರ, ಜೋಳ ಬೆಳೆಯುವವರಿಗೆ ಹುಳುವಿನ ಸುದ್ದಿಯೇ ಬೇಡ. ಆ ಕೋಣೆಯಲ್ಲಿ ಒಬ್ಬರಿಗೂ ಅದು ತಿಳಿಯಲಿಲ್ಲ.

ಅಕ್ಕ ಕೈಯ ಕಣಕವನ್ನು ನೋಡಿಕೊಂಡರು. “ಏನಂತಾಳಮ್ಮ?” ಎಂದರು ಚಿಕ್ಕಮ್ಮ. ಅಕ್ಕ ಫೋನಿಗೆ ಬಾಯಿ ಹತ್ತಿರ ತಂದು, “ನೆಟ್ಟು ಸರಿಯಾಗಿಲ್ಲ ಚಿಕ್ಕಮ್ಮ. ಕೈ ಕಾಣ್ತಿಲ್ಲ,” ಎಂದರು.

“ತಲೆ ಆಡ್ಸಿದಂಗಿತ್ತು ಕಣೆ. ಒಪ್ಗೆ ಅಂತ ಹೇಳ್ಬಿಡ್ಲಾ?”

ಅಕ್ಕ ಹೂಂ ಎನ್ನಲಿಲ್ಲ. ಬೇಡ ಎನ್ನಲೂ ಇಲ್ಲ.

ಆಗ ನನ್ನೊಳಗೆ ಎದ್ದದ್ದು ನ್ಯಾಯ, ಧರ್ಮ ಯಾವುದೂ ಅಲ್ಲ. ಡೀನ್ ಅವರನ್ನು ಎದುರು ಹಾಕಿಕೊಂಡು, ಹೊಟ್ಟೆಪಾಡು ಪಣಕ್ಕಿಟ್ಟು ಕಟ್ಟಿದ ಲೈನು. ಬಳೆಯ ಚುಕ್ಕಿ ಕಾಣುವ ಲೈನು. ಅದನ್ನು ಹಿಡಿದು ಸರಿಯಾಗಿಲ್ಲ ಎಂದುಬಿಟ್ಟರಲ್ಲ ಎಂಬ ಸಿಟ್ಟು. ಬಾಯಿ ತೆರೆಯುವವರೆಗೂ ಅಷ್ಟೇ ಇತ್ತು. ತೆರೆದ ಮೇಲೆ ಸಿಟ್ಟು ಉಳಿಯಲಿಲ್ಲ, ಏಕೆಂದರೆ ಅಕ್ಕ ನನ್ನ ಕಡೆ ತಿರುಗಿದ್ದರು, ದಯವಿಟ್ಟು ಎನ್ನುವ ಹಾಗೆ.

“ಕಾಣ್ತಿದೆ ಅಕ್ಕ,” ಎಂದೆ. “ಚೆನ್ನಾಗಿ ಕಾಣ್ತಿದೆ. ನಂಗೂ ಕಾಣ್ತು.”

“ನಿಮ್ಗೇನು ಗೊತ್ತು ಮೇಡಂ.”

“ನಾನೂ ಹುಳದ ಮನೆಯೋಳೇ.”

ಅವರು ನನ್ನನ್ನು ನೋಡಿದರು. ನನ್ನನ್ನು ದ್ವೇಷಿಸಿದರೋ ಏನೋ, ಆ ಕ್ಷಣಕ್ಕೆ. ಆ ಕಡೆಯಲ್ಲಿ ತಂಗಿ ಕಾಯುತ್ತಿದ್ದಳು. ಅವಳಿಗೆ ಈ ಮಾತುಗಳಲ್ಲಿ ಒಂದೂ ಕೇಳಿಸಿರಲಿಲ್ಲ. ತನ್ನ ಕೆಲಸ ಮುಗಿಯಿತು, ಇನ್ನು ಅಕ್ಕನದು ಎಂಬಂತೆ ಎರಡೂ ಕೈ ಇಳಿಬಿಟ್ಟು ನಿಂತಿದ್ದಳು.

ಅಕ್ಕ ಫೋನಿನ ಕಡೆ ತಿರುಗಿದರು. “ಎಲ್ರೂ ಕೇಳಿ,” ಎಂದರು. ಧ್ವನಿ ಅಡುಗೆಮನೆಯಲ್ಲಿ ನೂರು ಜನರಿಗೆ ಕೂಗುವ ಧ್ವನಿ. “ನನ್ ತಂಗಿ ಬೇಡ ಅಂತಿದಾಳೆ. ಹುಡುಗ ಒಳ್ಳೆಯೋನೇ, ನಂಗಿಷ್ಟಾನೇ. ಅವ್ಳು ಬೇಡ ಅಂತಾಳೆ.” ಹೇಳಿ ಮುಗಿಸಿ ಸೆರಗಿನಿಂದ ಮುಖ ಮುಚ್ಚಿಕೊಂಡರು. ಒರಗಿಸಿಟ್ಟ ಫೋನು ಮೂಟೆಯ ಮೇಲೆ ಜಾರಿತು, ನಾನು ಹಿಡಿದುಕೊಂಡೆ.

ತಂಗಿ ಈಗ ಪರದೆಯ ಕಡೆ ನೋಡುತ್ತಿರಲಿಲ್ಲ. ತಿರುಗಿ ಕೋಣೆಯಲ್ಲಿದ್ದವರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದಳು. ಗಂಡಿನ ತಾಯಿಯ ಬಾಯಿ ತೆರೆದೇ ಇತ್ತು. ಚಿಕ್ಕಮ್ಮ ಹಣೆ ಒತ್ತಿಕೊಂಡರು. ಗಂಡು ಅಂದು ಮೊದಲ ಸಲ ಅವಳನ್ನೇ ನೇರವಾಗಿ ನೋಡಿದ. ಎಲ್ಲ ಮುಖಗಳನ್ನೂ ಓದಿ ಮುಗಿಸಿದ ಮೇಲೆ ಅವಳ ಬೆನ್ನು ಸಡಿಲವಾಯಿತು. ಅಕ್ಕ ಹೇಳಿದ್ದಾಳೆ ಎಂದು ಅವಳಿಗೆ ತಿಳಿಯಿತು.